ಎರಡನೇ ಕೋಶ

ಪಾಮನಕಲ್ಲೂರಿನ ಆಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಎರಡನೇ ತರಗತಿಗೆ ಕಲಿಸುತ್ತೇನೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬಳು ಹುಡುಗಿ ತನ್ನ ಮನೆಯ ಕರಿಬೇವಿನ ಗಿಡದಿಂದ ಎರಡು ಹಸಿರು ಹುಳು ತಂದಳು. ಅಂಗಡಿಯಿಂದ ಚಾಕಲೇಟಿನ ಖಾಲಿ ಡಬ್ಬಿ ತರಿಸಿ, ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಕಿಟಕಿಯಲ್ಲಿಟ್ಟೆ. ದಿನಾ ಎಲೆ ಹಾಕುವ, ಹಿಕ್ಕೆ ತೆಗೆಯುವ ಕೆಲಸ ಅವಳದೇ. ಹುಳುಗಳು ಕಡ್ಡಿಗೆ ಅಂಟಿಕೊಂಡು ಕೋಶವಾದವು. ಕೆಲವು ದಿನಕ್ಕೆ ಒಂದರಿಂದ ಚಿಟ್ಟೆ ಬಂತು. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಕ್ಲಾಸೂ ಓಡಿಬಂತು.

ಎರಡನೆಯದು ಮಾತ್ರ ಕಂದುಬಣ್ಣಕ್ಕೆ ತಿರುಗಿ ಹಾಗೇ ಇತ್ತು. ಒಂದು ಸೋಮವಾರ ಮಸ್ಕಿಯ ಬಸ್ಸು ತಡವಾಯಿತು. ನಾನು ಕ್ಲಾಸಿಗೆ ಕಾಲಿಡುತ್ತಲೇ ಅವಳು ಎದುರು ಬಂದಳು.

“ಟೀಚರ್, ಅದರಾಗಿಂದ ಸಣ್ಣ ಸಣ್ಣ ನೊಣ ಹೊರಗ ಬಂದಾವರೀ! ಪರದೆ ತೂತಿನಾಗ ಹಾಯ್ದು ಹಾರಿಹೋದ್ವು.”

ನೋಡಿದೆ. ಕೋಶಕ್ಕೆ ಸೂಜಿ ಚುಚ್ಚಿದಂಥ ತೂತು, ಒಳಗೆ ಖಾಲಿ.

“ಪಾತರಗಿತ್ತಿ ಗೂಡಿನಾಗ ನೊಣ ಎಲ್ಲಿಂದ ಬರ್ತಾವ? ಕಡ್ಡಿಲೆ ಚುಚ್ಚಿ ಸಾಯಿಸೀದಿ, ಮ್ಯಾಲೆ ಸುಳ್ಳು ಬ್ಯಾರೆ!”

“ಇಲ್ಲರೀ, ನಾ ನೋಡೀನ್ರೀ...”

ಅವಳನ್ನು ಹಿಂದಿನ ಗೋಡೆಗೆ ನಿಲ್ಲಿಸಿದೆ. ಬಿಸಿಯೂಟದ ತನಕ ನಿಂತೇ ಇದ್ದಳು. ಮರುದಿನ ಕರೆದು ಮೆತ್ತಗೆ ಕೇಳಿದೆ. “ಬೈಯಂಗಿಲ್ಲ, ಖರೇ ಹೇಳು. ನೀನ ಚುಚ್ಚೀದಿ, ಹೌದಿಲ್ಲೊ?”

ನೆಲ ನೋಡುತ್ತ “ಹೂಂರೀ” ಎಂದಳು.

ಖರೇ ಹೇಳಿದಳೆಂದು ಮಕ್ಕಳಿಂದ ಚಪ್ಪಾಳೆ ಹೊಡೆಸಿದೆ. ಇದನ್ನು ಬರೆಯುವಾಗಲೂ ನನ್ನ ಮುಖ ಸುಡುತ್ತದೆ.

ತಿಂಗಳ ಮೇಲೆ ಲಿಂಗಸುಗೂರಿನಲ್ಲಿ ತರಬೇತಿ ಇತ್ತು. ಊಟಕ್ಕೆ ಕೂತಾಗ ಈ ಕಥೆಯನ್ನು ನಗುತ್ತ ಹೇಳಿದೆ. ಪಕ್ಕದಲ್ಲಿದ್ದ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ನಗಲಿಲ್ಲ.

“ಆ ಹುಡುಗಿ ಖರೇನ ಹೇಳ್ಯಾಳರೀ ಮೇಡಂ. ಒಂದು ಜಾತಿ ಸಣ್ಣ ಕಣಜದ ಹುಳ ಇರ್ತಾವ, ನೋಡಾಕ ನೊಣ ಇದ್ದಂಗ. ಈಗಷ್ಟ ಆದ ಕೋಶದಾಗ ತತ್ತಿ ಇಡ್ತಾವ. ಮರಿ ಒಳಗಿಂದ ತಿಂದು ಬೆಳದು, ತೂತು ಮಾಡಿ ಬರ್ತಾವ. ಪುಸ್ತಕದಾಗ ಓದೀನಿ, ನಾನೂ ಕಣ್ಣಾರೆ ನೋಡಿಲ್ಲ.”

ಏಳು ವರ್ಷದ ಮಗು ಕಣ್ಣಾರೆ ಕಂಡದ್ದನ್ನು ನಾನು ಅವಳ ಬಾಯಿಂದಲೇ ಅಲ್ಲ ಅನ್ನಿಸಿದ್ದೆ.

ತರಬೇತಿ ಮುಗಿಸಿ ಬಂದ ದಿನ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಡೆದದ್ದನ್ನೆಲ್ಲ ಕ್ಲಾಸಿಗೆ ತಿಳಿಸಿದೆ. “ಈಕಿ ಹೇಳಿದ್ದು ಖರೇ. ಗೊತ್ತಿಲ್ಲದ ಬೈದೀನಿ. ತಪ್ಪು ನಂದು.” ಅವಳು ಲಂಗದ ಅಂಚು ಹಿಂಡುತ್ತ ಕೇಳಿದಳು.

“ಹಂಗಾರ ಅವು ತಿನ್ನೂವಾಗ ನಮ್ಮ ಹುಳಕ್ಕ ನೋವಾಗಿತ್ತೇನ್ರೀ?”

“ನಂಗ ಗೊತ್ತಿಲ್ಲವ್ವ” ಎಂದೆ.

ಈಗ ಅವಳು ಮೂರನೇ ತರಗತಿ. ಮೊನ್ನೆ ಶಾಲೆಯ ಬಯಲಿನಿಂದ ಎರಡೂ ಅಂಗೈ ಮುಚ್ಚಿಕೊಂಡು, ಏನೋ ಸಿಕ್ಕ ಖುಷಿಯಲ್ಲಿ ಓಡಿಬಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ದಾಟಿ ಒಳಗಿದ್ದ ಗೆಳತಿಯ ಹತ್ತಿರ ಹೋದಳು.