ಡಬ್ಬಿಯೊಳಗಿನ ಹಿಂಡಿ

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದ ನವಿ ಪೇಠದ ಹಿಂದೆ ಎರಡು ಖೋಲಿಯ ಮನೆ ನಮ್ಮದು. ಮಗಳು ಮರಾಠಿ ಸಾಲಿಯಲ್ಲಿ ಮೂರನೇ ಇಯತ್ತೆ. ಬೆಳಿಗ್ಗೆ ಬರೀ ಚಹಾ ಕುಡಿದು ಓಡುವ ಹುಡುಗಿ. ಮಧ್ಯಾಹ್ನದ ಡಬ್ಬಿಯೇ ಅವಳ ಊಟ. ಅದನ್ನು ಕಟ್ಟುವುದೆಂದರೆ ನನಗೆ ಪೂಜೆಯಷ್ಟೇ ನೇಮದ ಕೆಲಸ. ಒಂದು ದಿನ ಜೋಳದ ರೊಟ್ಟಿ, ಮೆಂತ್ಯದ ಪಲ್ಯ. ಮರುದಿನ ಚಪಾತಿ, ಮೊಳಕೆ ಬಂದ ಮಡಕಿಕಾಳು. ಗುರುವಾರ ಬೆಲ್ಲ ತುಪ್ಪ. ಜೊತೆಗೆ ಸೌತೆಯೋ ಗಜ್ಜರಿಯೋ ಎರಡು ಹೋಳು. ಮೂಲೆಯಲ್ಲಿ ಮಾತ್ರ ದಿನಾಲೂ ಶೇಂಗಾ ಹಿಂಡಿ. ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಒರಳಲ್ಲಿ ಕುಟ್ಟಿ ನನ್ನವ್ವ ಅಕ್ಕಲಕೋಟದಿಂದ ಕಳಿಸುತ್ತಿದ್ದಳು.

ಆ ವಾರ ಡಬ್ಬಿ ಒಂದು ಚೂರೂ ಉಳಿಯದೆ ಬರತೊಡಗಿತು. ಪಲ್ಯ ಬಿಡುವ ಹುಡುಗಿ ಪಲ್ಯವನ್ನೂ ಮುಗಿಸಿದ್ದಾಳಲ್ಲ ಎಂದು ದಿನಾ ದೇವರಿಗೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ.

ಶುಕ್ರವಾರ ಅವಳ ಸಾಲಿಯ ಬಾಯಾರು, ಅಂದರೆ ಶಿಕ್ಷಕಿ, ಅವಳ ಕೈ ಹಿಡಿದು ಮನೆಗೇ ಬಂದರು. ಮಗಳ ಮುಖ ಸುಣ್ಣದ ಹಾಗಿತ್ತು.

"ಪಾಠದ ನಡುವೆ ಕಣ್ಣಿಗೆ ಕತ್ತಲೆ ಬಂದು ಬಿದ್ದಳು," ಎಂದರು ಮರಾಠಿಯಲ್ಲಿ. ಕೂಡ್ರಲೂ ಇಲ್ಲ. "ಮನೆಯಲ್ಲಿ ಅಷ್ಟು ಕಷ್ಟವೇನು? ಕೂಸಿಗೆ ಪೇಂಡ ಕಟ್ಟಿ ಕಳಿಸ್ತೀರಲ್ಲ!"

ಪೇಂಡ ಅಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದು, ದನಕ್ಕೆ ಹಾಕುವುದು.

"ಯಾರು ಹೇಳಿದರ್ರಿ?"

"ನಿಮ್ಮ ಮಗಳೇ."

ಡಬ್ಬಿಯಲ್ಲಿ ಏನಿದೆ ಎಂದು ಗೆಳತಿಯರು ಕೇಳಿದ್ದರಂತೆ. ದನದ ಹಿಂಡಿಗೂ ತಿನ್ನುವ ಹಿಂಡಿಗೂ ನಾವು ಒಂದೇ ಹೆಸರಿಟ್ಟವರು. ಮರಾಠಿಯಲ್ಲಿ ಅವಳಿಗೆ ಗೊತ್ತಿದ್ದದ್ದು ದನದ್ದೇ. ಪೇಂಡ ಅಂದುಬಿಟ್ಟಿದ್ದಾಳೆ. ಅವತ್ತಿನಿಂದ ಅವಳು ಬಂದರೆ ಸಾಕು, "ಎಮ್ಮಿ ಬಂತು, ಸರೀರಿ" ಎಂದು ಅವರೆಲ್ಲ ನಗುವುದು.

"ಮತ್ತ ಡಬ್ಬಿ ಖಾಲಿ ಬರತಿತ್ತಲ್ಲ?" ಮಗಳನ್ನು ಕೇಳಿದೆ.

"ಗೇಟಿಗೆ ಒಂದು ಆಕಳ ಬರತೈತಿ ಅವ್ವಾ. ಅದಕ್ಕ ಹಾಕತಿದ್ದೆ."

"ಚಪಾತಿನೂ?"

"ಅದಕ್ಕೂ ಹಿಂಡಿ ಹತ್ತಿರತಿತ್ತು."

ಐದು ದಿನ! ನನ್ನ ಕೂಸು ಉಪವಾಸ ಕೂತ ದಿನಗಳಿಗೇ ನಾನು ಬತ್ತಿ ಹಚ್ಚಿದ್ದೆ. ಬೈಯಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಬಿದ್ದರೂ ತಲೆಗೆ ಪೆಟ್ಟಾಗಲಿಲ್ಲ, ಅದೊಂದು ದೇವರ ದಯೆ. ಅನ್ನ ಗಟಾರಕ್ಕೆ ಬೀಳದೆ ಗೋಮಾತೆಗೆ ಹೋಯಿತು, ಅದೊಂದು.

ಒಳಗಿನಿಂದ ಹಿಂಡಿಯ ಭರಣಿ ತಂದು ಬಾಯಾರ ಅಂಗೈಗೆ ಒಂದು ಚಿಟಿಕೆ ಹಾಕಿದೆ. ನೆಕ್ಕಿದರು.

"ಅಗ ಬಾಯೀ! ಇದು ಶೇಂಗಾ ಚಟ್ನಿ! ನಮ್ಮ ಮನೆಯಲ್ಲೂ ಮಾಡ್ತೀವಿ." ಮುಖ ಕೆಂಪಾಯಿತು, ಖಾರಕ್ಕೋ ನಾಚಿಕೆಗೋ.

ಮಗಳು ನಂಬಲಿಲ್ಲ. ಕಾಲು ಮಡಚಿ ಗೋಡೆಗೆ ಒರಗಿ ಕೂತಳು, ನಾನು ರೊಟ್ಟಿ, ಹಿಂಡಿ ಬಡಿಸಿಟ್ಟ ತಾಟು ಮುಟ್ಟಲಿಲ್ಲ. ಆಗ ಬಾಯಾರು ಸೀರೆ ಒತ್ತಿಕೊಂಡು ಅವಳ ಪಕ್ಕದಲ್ಲಿ ಚಕ್ಕಳಬಕ್ಕಳ ಹಾಕಿ ಕೂತರು. "ನನಗೂ ಒಂದು ರೊಟ್ಟಿ ಹಾಕಿ. ಹಿಂಡಿ ಜಾಸ್ತಿ ಇರಲಿ."

ಅವರು ಎರಡನೇ ತುತ್ತು ನುಂಗುವವರೆಗೂ ಮಗಳು ಅವರ ಗಂಟಲನ್ನೇ ನೋಡಿದಳು. ಆಮೇಲೆ ತನ್ನ ರೊಟ್ಟಿ ಮುರಿದಳು. ಅವಳನ್ನೇ ನೋಡುತ್ತ ಬಡಿದ ಮುಂದಿನ ರೊಟ್ಟಿ ಹರಿದುಹೋಯಿತು. ಹರಿದದ್ದನ್ನೇ ಬೇಯಿಸಿ ಹಾಕಿದೆ, ಅದನ್ನೂ ತಿಂದಳು.