ಎಳ್ಳಿನಗಲದ ಹಳಿ

ನಮ್ಮ ಮನೆಯ ಹಜಾರದಲ್ಲಿ ಸೀನು ಬಂದವರು ಗೋಡೆಯ ಕಡೆ ಮುಖ ತಿರುಗಿಸಿ ಸೀನಬೇಕು. ಇದು ಶಿಷ್ಟಾಚಾರವಲ್ಲ, ರೈಲ್ವೆ ಸುರಕ್ಷತೆ. ನೇರವಾಗಿ ಸೀನಿದರೆ ತಳಕು ನಿಲ್ದಾಣದ ಹತ್ತಿರ ಓಡುತ್ತಿರುವ ಪ್ಯಾಸೆಂಜರ್ ಗಾಡಿ ಎಂಜಿನ್ ಸಮೇತ ಹಳಿ ಬಿಟ್ಟು, ಮೇಜು ಬಿಟ್ಟು, ಒಮ್ಮೊಮ್ಮೆ ಸೋಫಾದ ಅಡಿಗೂ ಹೋಗಿಬಿಡುತ್ತದೆ. ಒಮ್ಮೆ ನಾನು ಬೋರಲು ಮಲಗಿ, ಟಾರ್ಚು ಬಿಟ್ಟುಕೊಂಡು, ಇಡೀ ಒಂದು ರೈಲನ್ನು ಹೀಗೆ ಹುಡುಕಿದ್ದೇನೆ. ಸಿಕ್ಕಿತು. ಜತೆಗೆ ಹೆಂಡತಿ ಶಾರದೆಯ ಓಲೆಯ ತಿರುಪೂ ಸಿಕ್ಕಿತು. ಎರಡರಲ್ಲಿ ಯಾವುದು ಸಿಕ್ಕಿದ್ದಕ್ಕೆ ನಾನು ಹೆಚ್ಚು ಕುಣಿದೆ ಎಂಬ ಬಗ್ಗೆ ಮನೆಯಲ್ಲಿ ಇನ್ನೂ ವಿಚಾರಣೆ ಮುಗಿದಿಲ್ಲ.

ನನ್ನ ರೈಲು ಎಷ್ಟು ಸಣ್ಣದು ಎಂದು ಕೇಳಿದಿರಾ? ಅಡುಗೆಮನೆಗೆ ಬನ್ನಿ, ತೋರಿಸುತ್ತೇನೆ. ಒಂದು ಬೋಗಿಯ ಉದ್ದ ಒಂದು ಬೆಂಕಿಕಡ್ಡಿ, ಅಗಲ ಒಂದು ಶೇಂಗಾಬೀಜ. ಚಕ್ರ ಸಾಸಿವೆ ಕಾಳಿನಷ್ಟು. ಒಂದು ಎಳ್ಳನ್ನು ಅಡ್ಡ ಮಲಗಿಸಿದರೆ ಅದು ಎರಡೂ ಹಳಿಗಳನ್ನು ಮುಟ್ಟುತ್ತದೆ. ಪ್ಲಾಟ್‌ಫಾರಂ ಮೇಲೆ ಗಾಡಿಗೆ ಕಾದು ನಿಂತವರು ಜೀರಿಗೆಗಿಂತ ಕುಳ್ಳರು. ನನ್ನ ರೈಲ್ವೆ ಇಲಾಖೆಯ ಅಳತೆಗೋಲುಗಳೆಲ್ಲ ಒಗ್ಗರಣೆ ಡಬ್ಬಿಯಲ್ಲಿವೆ.

ಇಂಥ ನಾಜೂಕಿನ ಹುಚ್ಚು ಹಿಡಿಯಲು ದೇವರು ಆರಿಸಿದ್ದು ಯಾರನ್ನು? ಚಳ್ಳಕೆರೆಯಲ್ಲಿ ಲಾರಿ ಬುಕಿಂಗ್ ಆಫೀಸು ನಡೆಸುವ ನನ್ನನ್ನು. ನನ್ನ ಬೆರಳುಗಳು ಬಾಳೆಕಾಯಿಗಳು. ಒಂದು ಬೋಗಿಯನ್ನು ಹಳಿಗೆ ಕೂರಿಸಲು ಹೋದರೆ ಪಕ್ಕದ ನಿಲ್ದಾಣ ನೆಲಸಮವಾಗುತ್ತದೆ. ಚಿಮಟ ಹಿಡಿದು, ಉಸಿರು ಬಿಗಿಹಿಡಿದು, ನಾಲಿಗೆ ಹೊರಚಾಚಿ ಕೂರಿಸಬೇಕು. ನಾಲಿಗೆ ಏಕೆ ಹೊರಗೆ ಬರುತ್ತದೋ ಗೊತ್ತಿಲ್ಲ, ಆದರೆ ಅದಿಲ್ಲದೆ ಬೋಗಿ ಕೂರುವುದಿಲ್ಲ. ಫ್ಯಾನ್ ಹಾಕುವಂತಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಎಂದರೆ ಏನೆಂದು ಕೂತವರಿಗೇ ಗೊತ್ತು.

ಹಾಗಾದರೆ ದೊಡ್ಡ ಆಟಿಕೆ ರೈಲನ್ನೇ ತರಬಹುದಿತ್ತಲ್ಲ ಎನ್ನುತ್ತೀರಿ. ಎಲ್ಲರೂ ಅದನ್ನೇ ಹೇಳುತ್ತಾರೆ. ಮೇಜಿನ ಮೇಲೆ ಬಗ್ಗಿ ನೋಡಿ, "ಇಷ್ಟೇನಾ?" ಎನ್ನುತ್ತಾರೆ. ಅವರಿಗೆ ನನ್ನ ಉತ್ತರ ಇದು: ದೊಡ್ಡ ರೈಲು ಬಂದರೆ ಮೇಜಿನ ತುಂಬ ರೈಲೇ ಆಗುತ್ತದೆ, ಸೀಮೆಗೆ ಜಾಗವಿರುವುದಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೊರಟು ನೋಡಿ, ಕಣ್ಣು ಹಾಯುವಷ್ಟೂ ಬಯಲು. ಒಂದು ಜಾಲಿಮರ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಇನ್ನೊಂದು ಜಾಲಿಮರ. ಆ 'ಏನೂ ಇಲ್ಲ'ವನ್ನು ಮೇಜಿನ ಮೇಲೆ ತರಬೇಕಾದರೆ ರೈಲು ಎಳ್ಳಿನಷ್ಟಾಗಲೇಬೇಕು. ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಮೌರ್ಯ ಚಕ್ರವರ್ತಿಯ ಶಾಸನವಿದೆ. ಅರ್ಧ ಭೂಮಿ ಆಳಿದವನು, ಮನಸ್ಸು ಮಾಡಿದ್ದರೆ ಆಳೆತ್ತರದ ಅಕ್ಷರ ಕೊರೆಸಬಹುದಿತ್ತು. ಸಣ್ಣ ಅಕ್ಷರ ಕೊರೆಸಿ ಉಳಿದ ಬೆಟ್ಟವನ್ನು ಬೆಟ್ಟಕ್ಕೇ ಬಿಟ್ಟ. ಅವನಿಗೂ ಯಾರಾದರೂ "ಇಷ್ಟೇನಾ?" ಎಂದಿರಬೇಕು.

ನಾನೂರೈವತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೂ, ನ್ಯಾಯವಾಗಿ ಹಾಸಿದರೆ ನನ್ನ ಹಳಿ ಹಜಾರ ದಾಟಿ, ಬಚ್ಚಲು ದಾಟಿ, ಬೀದಿಯ ಕೊನೆಯಲ್ಲಿರುವ ಬಶೀರ್ ಭಾಯ್‌ನ ಲಾರಿ ರಿಪೇರಿ ಶೆಡ್ಡಿನವರೆಗೆ ಹೋಗಬೇಕು. ಶಾರದೆ ಬಚ್ಚಲಿಗೆ ಅನುಮತಿ ಕೊಡಲಿಲ್ಲ. ಹಾಗಾಗಿ ಚಳ್ಳಕೆರೆ, ತಳಕು, ಬಿ.ಜಿ. ಕೆರೆ, ಮೊಳಕಾಲ್ಮೂರು ಎಲ್ಲವೂ ಊಟದ ಮೇಜಿನ ಮೇಲೆಯೇ ಹೊಂದಿಕೊಂಡಿವೆ. ಬಿ.ಜಿ. ಕೆರೆ ಅವ್ವನ ತವರು, ಅದಕ್ಕೆ ಅಲ್ಲಿ ಎರಡು ಮನೆ ಹೆಚ್ಚಿಗೆ ಇಟ್ಟಿದ್ದೇನೆ.

ಎಡವಟ್ಟಾದದ್ದು ಆಯುಧಪೂಜೆಯ ದಿನ. ಆಫೀಸಿನ ಮುಂದೆ ಲಾರಿಗಳಿಗೆಲ್ಲ ಪೂಜೆ ಮುಗಿಸಿ ಮನೆಗೆ ಬಂದೆವು. ನನ್ನ ಲಾರಿಗಳ ವೈದ್ಯ ಬಶೀರ್ ಭಾಯ್ ಕೂಡ ಸಿಹಿ ತಿನ್ನಲು ಬಂದಿದ್ದ. ಆರತಿ ತಟ್ಟೆ ಹಿಡಿದ ಅವ್ವ ಮೇಜಿನ ಮುಂದೆ ನಿಂತಳು.

"ಇದೂ ಗಾಡಿನೇ ಅಲ್ವೇನೋ? ಇದನ್ನ ಮಾತ್ರ ಹಂಗೇ ಬಿಡ್ತಾರಾ?"

ತುಂಬೆ ಹೂ ಇಟ್ಟರೆ ಎಂಜಿನ್ನೇ ಮುಚ್ಚಿಹೋಯಿತು. ಇನ್ನು ನಿಂಬೆಹಣ್ಣು. ಬಶೀರ್ ಭಾಯ್ ಗಂಭೀರವಾಗಿ, "ಸಾಹೇಬ್ರೆ, ಇಲ್ಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಡೋಕಾಗಲ್ಲ. ನಿಂಬೆಹಣ್ಣಿನ ಕೆಳಗೆ ಗಾಡಿ ಇಡ್ಬೇಕು" ಎಂದ. ನಗುನಗುತ್ತಲೇ ಅವ್ವ ಎಂಜಿನ್‌ಗೆ ಕುಂಕುಮ ಹಚ್ಚಿದಳು. ಒಂದೇ ಬೊಟ್ಟಿಗೆ ಎಂಜಿನ್ನು, ಮೊದಲ ಬೋಗಿ, ಅರ್ಧ ನಿಲ್ದಾಣ ಎಲ್ಲವೂ ಕೆಂಪಾದವು. ನಾನು ಸ್ವಿಚ್ ಹಾಕಿದೆ. ರೈಲು ಒಮ್ಮೆ ನಡುಗಿ ನಿಂತುಬಿಟ್ಟಿತು.

ಕರೆಂಟು ಹರಿಯುವುದೇ ಹಳಿಯಲ್ಲಿ. ಹಳಿಯ ಮೇಲೆ ಕುಂಕುಮ ಕೂತರೆ ಮತ್ತೇನಾದೀತು? ಆದರೆ ಅವ್ವನ ಮುಖದ ನಗು ಆರಿಹೋಯಿತು. ಪೂಜೆ ಮಾಡಿದ ಗಾಡಿ ಪೂಜೆಯಾದ ಗಳಿಗೆಯಲ್ಲೇ ನಿಲ್ಲುವುದೆಂದರೆ!

"ನನ್ ಕೈಗುಣ ಸರಿ ಇಲ್ಲ ಬಿಡು" ಎಂದು ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಆಮೇಲೆ ಮೇಜಿನ ಹತ್ತಿರ ಸುಳಿಯಲೇ ಇಲ್ಲ. ಊಟಕ್ಕೆ ಕರೆದರೆ ತಟ್ಟೆ ಹಿಡಿದು ಅಡುಗೆಮನೆಯಲ್ಲೇ ಕೂರುತ್ತಿದ್ದಳು. ಅಷ್ಟು ಸಣ್ಣ ಎಂಜಿನ್ ಕೆಟ್ಟದ್ದಕ್ಕೆ ನನಗೆ ಅಷ್ಟು ದೊಡ್ಡ ಸಂಕಟವಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಅದು ಓಡಲೇಬೇಕಿತ್ತು, ಅವ್ವನ ಕಣ್ಣೆದುರಿಗೇ ಓಡಬೇಕಿತ್ತು.

ಹಳಿಯನ್ನೇನೋ ಒರೆಸಿದೆ, ಆದರೆ ಕುಂಕುಮ ಚಕ್ರಗಳ ಸಂದಿಗೂ ಇಳಿದಿತ್ತು. ಬಶೀರ್ ಭಾಯ್ ತನ್ನ ಅತಿ ಚಿಕ್ಕ ಸ್ಪ್ಯಾನರ್ ತಂದು ಎಂಜಿನ್ ಪಕ್ಕ ಇಟ್ಟ. ಸ್ಪ್ಯಾನರೇ ಗೂಡ್ಸ್ ಗಾಡಿಯಂತೆ ಕಂಡಿತು. "ಇದ್ರ ಬಾನೆಟ್ ಎತ್ತೋಕೆ ಇರುವೆನೇ ಕರೀಬೇಕು" ಎಂದು ಕೈಚೆಲ್ಲಿದ. ಕೊನೆಗೆ ಕೆಲಸಕ್ಕೆ ಬಂದದ್ದು ಶಾರದೆಯ ತವರು. ಅವಳದು ಮೊಳಕಾಲ್ಮೂರಿನ ನೇಕಾರರ ಮನೆ. ಮಗ್ಗದ ರೇಷ್ಮೆಯ ಒಂದೆಳೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಒಂದೊಂದು ಚಕ್ರದ ಸಂದಿಯಲ್ಲೂ ತೂರಿಸಿ ಎಳೆದಳು. ಎಳೆ ಕೆಂಪಾಗಿ ಹೊರಬಂತು. "ಓಡಿದ್ರೆ ನನಗೊಂದು ಸೀರೆ ರೀ" ಎಂದಳು. ಓಡದಿದ್ದರೂ ಕೊಡಿಸುವ ಸ್ಥಿತಿಯಲ್ಲಿದ್ದೆ.

ಭಾನುವಾರ ಮಧ್ಯಾಹ್ನ ಅವ್ವನನ್ನು ಕೈಹಿಡಿದು ಕರೆತಂದೆ. ಭೂತಗನ್ನಡಿ ಕೊಟ್ಟರೆ ಬೇಡವೆಂದಳು. ಕುರ್ಚಿಯನ್ನು ಮೇಜಿನಿಂದ ದೂರ, ಬಾಗಿಲ ಪಕ್ಕಕ್ಕೆ ಎಳೆದುಕೊಂಡು ಕೂತಳು. ಇನ್ನೂ ಹೆದರಿದ್ದಾಳೆ ಎಂದುಕೊಂಡೆ.

"ಅಲ್ಲಿಂದ ಏನ್ ಕಾಣ್ತೈತೆ ಅವ್ವ? ಹತ್ರ ಬಾ."

"ನೀನು ಬಿಡೋ, ನನಗೆ ಕಾಣ್ತೈತೆ."

ಬಿಟ್ಟೆ. ಎಂಜಿನ್ ಚಳ್ಳಕೆರೆ ಬಿಟ್ಟಿತು. ತಳಕು ದಾಟಿತು. ನಾನು, ಶಾರದೆ, ಬಶೀರ್ ಭಾಯ್ ಮೂವರೂ ಉಸಿರಾಡಲಿಲ್ಲ. ಅವ್ವ ಕುರ್ಚಿಯಲ್ಲಿ ನೆಟ್ಟಗಾದಳು.

"ಲೇ, ನಮ್ಮ ಹೊಲದಿಂದ ನೋಡಿದ್ರೆ ರೈಲು ಇಷ್ಟೇ ಇರ್ತಿತ್ತು ಕಣೋ! ಶೇಂಗಾ ಕೀಳ್ತಾ ಇರ್ತಿದ್ವಿ. ಅಷ್ಟು ದೂರದಾಗೆ, ಇಷ್ಟು ಸಣ್ಣಕೆ ಹೋಗ್ತಿತ್ತು. ಎಲ್ಲ ಹುಡ್ಗೀರೂ ಎದ್ದು ಕೈ ಬೀಸ್ತಿದ್ವಿ. ಒಂದೊಂದು ಸಲ ಕೂ ಅಂತಿತ್ತು. ನಮಗೇ ಅಂದಿದ್ದು ಅಂತ ಕುಣೀತಿದ್ವಿ."

ಬಂದವರೆಲ್ಲ ಬಗ್ಗಿ ಬಗ್ಗಿ "ಇಷ್ಟೇನಾ?" ಎಂದಿದ್ದ ರೈಲನ್ನು ಎಲ್ಲಿ ಕೂತು ನೋಡಬೇಕೆಂದು ಅವ್ವನೊಬ್ಬಳಿಗೆ ಗೊತ್ತಿತ್ತು. ರೈಲು ಬಿ.ಜಿ. ಕೆರೆಗೆ ಬಂತು, ನಾನು ಹೆಚ್ಚಿಗೆ ಇಟ್ಟ ಎರಡು ಮನೆಗಳನ್ನು ದಾಟಿತು. ಅವ್ವ ಎದ್ದು ನಿಂತು ಕೈ ಬೀಸಿದಳು. ಬೀಸುತ್ತಲೇ ನಿಂತಳು. ನನ್ನ ಎಂಜಿನ್‌ಗೆ ಸಿಳ್ಳೆಯಿಲ್ಲ. ನನಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ಬಗ್ಗಿದ್ದವನು ಎದೆ ತುಂಬ ಉಸಿರೆಳೆದುಕೊಂಡು, "ಕೂಊಊ" ಎಂದುಬಿಟ್ಟೆ.

ಆ ಗಾಳಿಗೆ ರೈಲು ಎದ್ದು, ಹಾರಿ, ಮಾಯವಾಯಿತು.

ಬಶೀರ್ ಭಾಯ್ "ಯಾ ಅಲ್ಲಾ" ಎಂದು ತಲೆ ಮೇಲೆ ಕೈ ಹೊತ್ತ. ನಾನು ಅವ್ವನ ಮುಖ ನೋಡಲು ಹೆದರಿದೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ನಗು ಕೇಳಿಸಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು.

"ಇದು ನನ್ ಕೈಗುಣ ಅಲ್ಲಪ್ಪ, ನಿನ್ ಬಾಯಿಗುಣ!"

ನಾನು ಬೋರಲು ಮಲಗಿ ಸೋಫಾದ ಅಡಿಗೆ ಟಾರ್ಚು ಬಿಟ್ಟೆ. ಮೇಲೆ ಅವ್ವ ಬಶೀರ್ ಭಾಯ್‌ಗೆ ಸಮಾಧಾನ ಹೇಳುತ್ತಿದ್ದಳು:

"ಬಿ.ಜಿ. ಕೆರೆ ದಾಟಿತ್ತು ಬಿಡಪ್ಪ. ನಮ್ಮೋರೆಲ್ಲ ಇಳ್ಕಂಡಿದ್ರು."