ಗುಳಿಗೆ ಬಿಡಿಸದೆ ಕಿತ್ತ ಹಲ್ಲು

ಗೆಳೆಯರೇ, ಇವತ್ತು ನನ್ನ ಮಗಳು ಅವಳ ದೊಡ್ಡಪ್ಪನ ಹಲ್ಲು ಕಿತ್ತಳು. ಮರಾಠಿ ಸೀಮೆಯ ನಮ್ಮೂರಿನ ಕೊಂಢವಾ ಬಡಾವಣೆಯಲ್ಲಿ ಅವಳದು ಪುಟ್ಟ ಹಲ್ಲಿನ ದವಾಖಾನೆ. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ವ್ಯಾಪಾರ ಮಾಡುವ ನನ್ನಣ್ಣ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಾನೆ.

“ರಕ್ತ ನಿಲ್ಲಂಗಿಲ್ಲ ಮಗಳ, ಒಂದು ವಾರ ಗುಳಿಗಿ ಬಿಟ್ಟು ಬರ್ತೀನಿ” ಎಂದ.

“ಬ್ಯಾಡ್ರಿ ದೊಡ್ಡಪ್ಪ. ನಿಮ್ಮ ಹಾರ್ಟ್ ಡಾಕ್ಟರ್ ಜೋಡಿ ಮಾತಾಡೇನಿ. ಬಾಯಾಗಿನ ರಕ್ತ ನಾ ನಿಲ್ಲಸ್ತೀನಿ. ಗುಳಿಗಿ ಬಿಟ್ಟು ಎದಿಯೊಳಗ ರಕ್ತ ಹೆಪ್ಪುಗಟ್ಟಿದ್ರ ನನ್ನ ಕೈಲಿ ಏನೂ ಆಗಂಗಿಲ್ಲ.”

ಹಲ್ಲು ಕಿತ್ತು, ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ ಕೂರಿಸಿದಳು. ರಕ್ತ ನಿಂತಿತು.

ಹತ್ತಿ ತೆಗೆದದ್ದೇ ತಡ, ಅಣ್ಣ ಹೊರಗೆ ಕೂತ ಒಬ್ಬೊಬ್ಬರಿಗೂ “ಡಾಕ್ಟರ್ ನಮ್ಮ ಮನೆ ಹುಡುಗಿ” ಎಂದು ಮರಾಠಿಯಲ್ಲಿ ಹೇಳತೊಡಗಿದ. ಇವತ್ತು ಹೆಚ್ಚು ಮಾತಾಡಬೇಡಿ ಎಂದು ಅದೇ ಡಾಕ್ಟರ್ ಹೇಳಿದ್ದು ಮಾತ್ರ ಅವನ ಕಿವಿಗೆ ಬೀಳಲಿಲ್ಲ.